ಅಧ್ಯಕ್ಷರು ಕೊಟ್ಟ ಕನ್ನಡಕ

ಪುರಸಭೆ ಅಧ್ಯಕ್ಷ ವೀರಭದ್ರಯ್ಯನವರು ಶೇವಿಂಗಿಗೆ ಬಂದು ಕುರ್ಚಿಯಲ್ಲಿ ಒರಗಿದರು. ಸಲೂನಿನ ಮಾಯಣ್ಣನ ಕೈಗೆ ಒಂದು ಕನ್ನಡಕ ಇಟ್ಟರು.

"ಆನ್‌ಲೈನಲ್ಲಿ ತರಿಸಿದ್ದು. ಒಂದಕ್ಕೊಂದು ಫ್ರೀ. ಕಣ್ಣು ಪರೀಕ್ಷೆಯೆಲ್ಲ ಡಾಕ್ಟರುಗಳ ದಂಧೆ ಕಣೋ. ನಿನ್ನ ಹಳೇದು ಬಿಸಾಕಿ ಇದನ್ನ ಹಾಕ್ಕೋ."

ಬೇಡವೆಂದರೆ ಅಂಗಡಿಯ ಲೈಸೆನ್ಸಿಗೇ ಕುತ್ತು. ಮಾಯಣ್ಣ ಹಾಕಿಕೊಂಡ. ನೊರೆಯ ಬ್ರಷ್ಷು ಸೀದಾ ಅಧ್ಯಕ್ಷರ ಕಿವಿಯೊಳಗೆ ಹೋಯಿತು. ಆಮೇಲೆ ಕತ್ತಿ ಬಿಚ್ಚಿ, ವಿನಯದಿಂದ ಬಗ್ಗಿ ಕೇಳಿದ:

"ಬುದ್ಧಿ, ಎರಡು ಕುತ್ತಿಗೆ ಕಾಣ್ತಾ ಇವೆ. ನಿಮ್ಮದು ಯಾವುದು?"

ಅಧ್ಯಕ್ಷರಿಗೆ ಉಗುಳು ನುಂಗುವುದಕ್ಕೂ ಭಯವಾಯಿತು. "ಮೊದಲು ಅದನ್ನ ತೆಗಿಯಪ್ಪ. ನಿನ್ನ ಹಳೇದೇ ಹಾಕ್ಕೋ."

"ಅದು ಡಾಕ್ಟರ ದಂಧೇದು, ಬುದ್ಧಿ."

"ಇರಲಿ ಬಿಡು," ಅಂದರು ಅಧ್ಯಕ್ಷರು ತುಟಿ ಅಲ್ಲಾಡಿಸದೆ, "ಪಾಪ, ಡಾಕ್ಟರೂ ಬದುಕಬೇಕಲ್ಲ."

"ನೀವೂ ಬದುಕಬೇಕಲ್ಲ," ಅಂದ ಮಾಯಣ್ಣ, ಹಳೇ ಕನ್ನಡಕ ನಿಧಾನವಾಗಿ ಒರೆಸುತ್ತ.