ಮುಗಿಲುಗುಡ್ಡದ ಬೇಯದ ಎಡೆ

ಒಲೆ ತುಂಬ ಬೆಂಕಿ, ಹಂಡೆಯಲ್ಲಿ ನೀರು ಕೊತಕೊತ ಕುದಿಯುತ್ತಿದೆ, ಆದರೂ ಅಕ್ಕಿ ಬೇಯುತ್ತಿಲ್ಲ. ಏನಾಗಿರಬಹುದು, ಊಹಿಸಿ ನೋಡೋಣ. ದೆವ್ವದ ಕಾಟ ಅಂತೀರಾ? ಮುಗಿಲುಗುಡ್ಡದವರೂ ಹಾಗೇ ಅಂದುಕೊಂಡಿದ್ದರು.

ಹಗೆಗಳಿಗೆ ಹೆದರಿದ ದೊರೆ ಬೊಪ್ಪರಸ ಮೋಡಕ್ಕಿಂತ ಮೇಲಿನ ಆ ಕೋಟೆಗೆ ಹೊಸದಾಗಿ ಬಂದಿದ್ದ. ಬಂದ ವರ್ಷವೇ ರಾಣಿ ತೀರಿಕೊಂಡಳು. ಕೋಟೆಯವರೇನೋ ರೊಟ್ಟಿ ಸುಟ್ಟು ತಿಂದಾರು, ಸತ್ತವಳಿಗೆ ಅನ್ನದ ಎಡೆಯೇ ಆಗಬೇಕಲ್ಲ! ಅನ್ನ ಬೇಯಲಿಲ್ಲ, ಕಾಗೆ ಮುಟ್ಟಲಿಲ್ಲ. ಅಂದಿನಿಂದ ಅಡುಗೆಮನೆಯಲ್ಲಿ ಯಾರೋ ಹಸಿದು ನರಳುವ ಸದ್ದು. ರಾಣಿ ದೊರೆಯ ಕನಸಿಗೂ ಬಂದು ಮೂರು ಒಗಟು ಕೇಳಿ ಹೋದಳು. ಡಂಗುರ ಹೊಡೆಸಿದರು: ಒಗಟು ಬಿಡಿಸಿ ಎಡೆ ಬೇಯಿಸಿದವನಿಗೆ ಕೋಟೆಯ ಅಧಿಕಾರ, ತಪ್ಪಿದವನನ್ನು ಕೋಟೆಯ ಪಕ್ಕದ ಆಳದ ಕೊರಕಲಿಗೆ ತಳ್ಳುವುದು. ಅಮಾವಾಸ್ಯೆಗೂ ಬೇಯದಿದ್ದರೆ ಅಡುಗೆಯ ಬಯ್ಯವ್ವನೂ ಕೊರಕಲಿಗೆ.

ಮಂತ್ರವಾದಿಯೊಬ್ಬ ಒಲೆಗೆ ದಿಗ್ಬಂಧನ ಹಾಕಿದ. ದಳವಾಯಿಯ ಮಗ ಬೆಂಕಿ ಸಾಲದೆಂದು ಲಾಯದ ಕಂಬಗಳನ್ನೇ ಕಿತ್ತು ಉರಿಸಿದ. ನೀರು ಬತ್ತಿತೇ ಹೊರತು ಅಕ್ಕಿ ಮೆತ್ತಗಾಗಲಿಲ್ಲ. ಇಬ್ಬರನ್ನೂ ತಳ್ಳಿದರು. ಈಗ ಕೊರಕಲಿನಿಂದಲೂ ನರಳಾಟ.

ಅಮಾವಾಸ್ಯೆಯ ಬೆಳಿಗ್ಗೆ ಉಪ್ಪಿನ ಕತ್ತೆಗಳೊಂದಿಗೆ ಬಯ್ಯವ್ವನ ಮಗ ಕೆಂಚ ಗುಡ್ಡ ಹತ್ತಿ ಬಂದ.

"ನಾನೊಬ್ಬಳೇ ಸಾಯ್ತಿದ್ದೆನಲ್ಲೋ, ನೀನ್ಯಾಕೆ ಬಂದೆ?" ಎಂದಳು ತಾಯಿ.

"ಉಪ್ಪು ತರಬೇಕಿತ್ತಲ್ಲವ್ವ," ಎಂದ. ಉಪ್ಪಿಳಿಸಿ, ಒಗಟು ಬಿಡಿಸುತ್ತೇನೆಂದು ದೊರೆಯ ಮುಂದೆ ಹೋಗಿ ನಿಂತ.

ದೊರೆ ಕೇಳಿದ: "ನೀರು ಕುಣಿದು ಕುಪ್ಪಳಿಸಿದರೂ ಅದಕ್ಕಿಲ್ಲಿ ಏನೋ ಕಡಿಮೆ. ಏನದು? ಗುಡ್ಡದ ಬುಡದಲ್ಲಿ ಎಲ್ಲರೂ ಹೊತ್ತಿರುತ್ತಾರೆ, ಯಾರಿಗೂ ಭಾರವಿಲ್ಲ, ಹತ್ತುತ್ತಾ ಇಳಿಸಿ ಬರುತ್ತಾರೆ. ಅದೇನು? ಹಾಗೆ ಇಳಿಸಿದ ಹೊರೆಯನ್ನು ಇಲ್ಲಿ ಹೇರುವುದು ಹೇಗೆ?"

ಕೆಂಚನಿಗೆ ತನ್ನ ಚರ್ಮದ ಚೀಲ ನೆನಪಾಯಿತು. ಬುಡದಲ್ಲಿ ಸುಕ್ಕಾಗಿ ಬಾಯಿ ಬಿಗಿದ ಖಾಲಿ ಚೀಲ ಮೇಲಕ್ಕೆ ಬಂದಂತೆ ತಾನಾಗಿ ಉಬ್ಬಿತ್ತು. ಒಳಗೆ ಯಾರೋ ಉಸಿರಾಡಿದಂತಾಗಿ ಅದನ್ನೆಸೆದು ಓಡಿದ್ದನವನು.

ಉತ್ತರ ಹೇಳದೆ ಕಂಚಿನ ಹಂಡೆಗೆ ಅಕ್ಕಿ, ನೀರು ಹಾಕಿಸಿ, ಮುಚ್ಚಳದ ಸುತ್ತ ಹಿಟ್ಟು ಮೆತ್ತಿ, ಮೇಲೆ ಬೀಸುವ ಕಲ್ಲು ಹೇರಿದ. ತುಸು ಹೊತ್ತಿಗೆ ಹಂಡೆಯೊಳಗಿಂದ ಹೂಂ ಎಂಬ ನರಳಾಟ ಕೇಳಿತು. ಕಲ್ಲು ಅಲುಗಿತು. ಕಾವಲಿನವರು ಓಡಿದರು. "ತೆಗೆಯೋ, ರಾಣಿಗೆ ಉಸಿರು ಕಟ್ಟುತ್ತಿದೆ," ಎಂದ ದೊರೆ.

"ತೆಗೆದರೆ ಅವರು ಹಸಿದೇ ಇರ್ತಾರೆ, ಬುದ್ಧಿ."

ಒಲೆ ಆರಿಸಿ, ಹಂಡೆ ತಣಿದ ಮೇಲೆ ಮುಚ್ಚಳ ತೆಗೆದರೆ ಅನ್ನ ಮಲ್ಲಿಗೆಯಂತೆ ಅರಳಿತ್ತು. ಎಡೆಯಿಟ್ಟು ಕಾದರು. ಕಾಗೆಯೊಂದು ಬಂದು ಕತ್ತು ಓರೆ ಮಾಡಿ ನೋಡಿತು, ತುತ್ತು ಕಚ್ಚಿ ಹಾರಿತು. ಅಡುಗೆಮನೆ ಗಪ್ಪನೆ ನಿಶ್ಶಬ್ದವಾಯಿತು.

ಆಮೇಲೆ ಕೆಂಚ ಬಿಡಿಸಿ ಹೇಳಿದ. ಕಡಿಮೆಯಿದ್ದದ್ದು ಬಿಸಿ. ಹೊರೆ ಎಂದರೆ ಗಾಳಿ. ಕೆಳಗೆ ಅದು ನೀರನ್ನು ಅದುಮಿರುತ್ತದೆ, ಚೆನ್ನಾಗಿ ಕಾಯದೆ ನೀರು ಕುದಿಯಲಾರದು. ಇಲ್ಲಿ ಗಾಳಿ ಹಗುರ, ಚೀಲ ಉಬ್ಬಿದ್ದೂ ಅದಕ್ಕೇ. ನೀರು ಬೇಗ ಕುದಿದುಬಿಡುತ್ತದೆ; ಎಷ್ಟು ಉರಿ ಹಾಕಿದರೂ ಅದಕ್ಕಿಂತ ಬಿಸಿಯಾಗದು. ಹಬೆಯನ್ನು ಕಟ್ಟಿಹಾಕಿದರೆ ಗಾಳಿಯ ಬದಲು ಅದೇ ಅದುಮುತ್ತದೆ.

ದೊರೆ ಕೋಟೆಯ ಬೀಗದ ಕೈ ಕೊಟ್ಟು, ಇನ್ನೇನು ಬೇಕೆಂದ.

"ಹಂಡೆಯಲ್ಲಿ ಇನ್ನೂ ಅನ್ನವಿದೆ," ಎಂದ ಕೆಂಚ. "ನೀವು ತಳ್ಳಿಸಿದ ಆ ಇಬ್ಬರಿಗೂ ನಿಮ್ಮ ಕೈಯಾರೆ ಎಡೆಯಿಡಿ."

ದೊರೆ ಕೊರಕಲಿನ ಅಂಚಿಗೆ ಹೋಗಿ ಎರಡು ಎಲೆ ಹಾಸಿ ಬಡಿಸಿದ. ಕಾಗೆಗಳು ಬಹಳ ಹೊತ್ತು ಬರಲಿಲ್ಲ. ದೊರೆ ಮಂಡಿಯೂರಿ ತಪ್ಪಾಯಿತೆಂದ ಮೇಲೆ ಬಂದವು, ಕೊರಕಲಿನ ನರಳಾಟವೂ ನಿಂತಿತು. ಅಂದು ಮಹಾಲಯ ಅಮಾವಾಸ್ಯೆ, ಶನಿವಾರ.