ಕಿರೀಟಕ್ಕೆ ಮೆತ್ತಿದ ಕೆಸರು

ಇಟಲಿಯ ಒಂದು ಊರು ಕಾವಲಿಗೆಂದು ಕರೆಸಿದ್ದ ದಳಪತಿ ತಾನೇ ದೊರೆಯಾಗಿ ಕೂತ. ಕೋಟೆ ಬಾಗಿಲ ಮೇಲಿದ್ದ ಹಳೆಯ ದೊರೆಯ ಹದ್ದಿನ ಚಿತ್ರಕ್ಕೆ ಸುಣ್ಣ ಬಳಿಸಿ, ಕಿರೀಟ ತೊಟ್ಟ ಹಾವನ್ನು ಬರೆಸಿದ. ಮೊಟ್ಟೆಯಿಡುವ ಆತುರದಲ್ಲಿದ್ದ ಅಂಬರಗುಬ್ಬಿಯೊಂದು ಗೂಡು ಕಟ್ಟಲು ಆ ಕಿರೀಟಕ್ಕೇ ಕೆಸರು ಮೆತ್ತತೊಡಗಿತು.

“ಎಲೆ ಹಕ್ಕಿ, ಸಾವಿರ ವರ್ಷ ಆಳುವ ವಂಶದ ಕಿರೀಟಕ್ಕೆ ಕೆಸರೇ?” ಎಂದು ಹಾವು ಬುಸುಗುಟ್ಟಿತು.

“ಧಾರಾಳವಾಗಿ ಆಳಿ, ಮಹಾಸ್ವಾಮಿ. ಸುಣ್ಣದಡಿಯ ಹದ್ದೂ ನಮ್ಮಜ್ಜಿಗೆ ಹೀಗೇ ಹೇಳಿತ್ತಂತೆ. ನನ್ನ ಮಕ್ಕಳಿಗೆ ಅಂಗೈಯಗಲ ಜಾಗ ಸಾಕು,” ಎಂದು ಹಕ್ಕಿ ಗೂಡು ಮುಗಿಸಿತು.

ದೊರೆಯ ಮಗ ಆಳಿದ, ಮೊಮ್ಮಗ ಪಟ್ಟ ಕಳೆದುಕೊಂಡ. ಹಾವನ್ನೂ ಅಳಿಸಲು ಸುಣ್ಣದವನೊಬ್ಬ ಏಣಿ ಹತ್ತಿದಾಗ ಗೂಡಿನಲ್ಲಿ ಆ ಹಕ್ಕಿಯ ಮರಿಮಗಳ ಮರಿಗಳು ಚಿಲಿಪಿಲಿಗುಟ್ಟುತ್ತಿದ್ದವು. “ಬಾಣಂತಿ ಮನೆ, ಮುಟ್ಟಬಾರದು,” ಎಂದು ಅವನು ಸುತ್ತಲೂ ಬಳಿದು ಇಳಿದ. ಹಾವಿನಲ್ಲಿ ಉಳಿದದ್ದು ಗೂಡಿನ ಮರೆಯಲ್ಲಿದ್ದ ತಲೆ, ಕಿರೀಟ ಮಾತ್ರ.

“ಮಹಾಸ್ವಾಮಿ, ಇದ್ದೀರಾ?” ಎಂದು ಕೇಳಿತು ತಾಯಿಹಕ್ಕಿ.

“ಇದ್ದೇನೆ ತಾಯಿ,” ಎಂದಿತು ಹಾವು. “ಇನ್ನೊಂದಿಷ್ಟು ಕೆಸರು ಮೆತ್ತು!”