ಕಾಲ್ನೀರ ಗುಡ್ಡ

ಕನ್ನಡ ನಾಡಿನ ಬಡಗಣ ಅಂಚಿನಲ್ಲಿ, ಮಾಂಜ್ರಾ ನದಿ ಹೊರಳುವ ಕಡೆ, ಕೆಮ್ಮಣ್ಣಿನ ಒಂದು ಬೋಳು ಗುಡ್ಡವಿದೆ. ಅದರ ನೆತ್ತಿಯಲ್ಲಿ ಬೋರಲು ಹಾಕಿದ ತಂಬಿಗೆಯಂಥ ಕಲ್ಲು. ಕಾಲ್ನೀರ ಗುಡ್ಡವೆಂದು ಕೇಳಿದವರು ಇಲ್ಲಿ ನೀರಿನ ಸೆಲೆ ಹುಡುಕುತ್ತಾರೆ. ಎಲ್ಲಿಯ ಸೆಲೆ ಬಂತು! ಮನೆಗೆ ಬಂದವರ ಕಾಲಿಗೆ ಕೊಡುವ ನೀರಿನಿಂದ ಬಂದ ಹೆಸರು ಇದು.

ಹಿಂದೆ ಒಮ್ಮೆ ಇಲ್ಲಿ ಕುರುಬರ ಹಟ್ಟಿಯಿತ್ತು ಎನ್ನುತ್ತಾರೆ. ಹಟ್ಟಿಯ ಹಿರಿಯ ಮಾಳಿಂಗನ ಮಗ ನದಿಯಾಚೆಯ ತೆಲುಗರ ಹುಡುಗಿ ಪೋಚವ್ವನನ್ನು ಮದುವೆಯಾಗಿ ಕರೆತಂದ. ಮಾಳಿಂಗ ಉರಿದುಬಿದ್ದು, ಆಕೆಯ ಕೈನೀರು ಮುಟ್ಟೆನೆಂದು ಕುರಿ ಹೊಡೆದುಕೊಂಡು ದೂರದ ಅಡವಿಗೆ ಹೋಗಿಬಿಟ್ಟ. ಮೊಮ್ಮಗ ಹುಟ್ಟಿದರೂ ಬರಲಿಲ್ಲ. ಪೋಚವ್ವನಿಗೆ ಇದ್ದದ್ದು ಒಂದೇ ಹಂಬಲ: ಮಾವ ಒಮ್ಮೆ ಬರಲಿ, ತನ್ನ ಕೈಯಿಂದ ಕಾಲಿಗೆ ನೀರು ತೆಗೆದುಕೊಳ್ಳಲಿ, ಕೂಸಿನ ಮುಖ ನೋಡಲಿ. ಅದಕ್ಕೆಂದೇ ದಿನವೂ ತಂಬಿಗೆ ತುಂಬಿಡುತ್ತಿದ್ದಳು. ಹಟ್ಟಿಯ ಹೆಂಗಸರು ಮುಸಿಮುಸಿ ನಗುತ್ತಿದ್ದರು. ನಗಲು ಬಂದ ಬಾಯಿಗೆ ಒಂದು ಮಾತು ಹೇಳಲು ಬರಲಿಲ್ಲ. ಆ ಕುರುಬರು ತೋಳದ ಹೆಸರೆತ್ತುತ್ತಿರಲಿಲ್ಲ. ಹೆಸರೆತ್ತಿದರೆ ಕರೆದಂತೆ ಎಂಬ ಅಂಜಿಕೆ. ತೋಳಕ್ಕೆ ಅವರು 'ಮಾವ' ಎನ್ನುತ್ತಿದ್ದರು. ಹೊರಗಿನವಳಿಗೆ ಇದೆಲ್ಲ ಯಾಕೆಂದು ಸುಮ್ಮನಿದ್ದರು.

ಒಂದು ಸಂಜೆ ಇಳಿಜಾರಿನಿಂದ ಕುರಿಗಾಹಿಗಳು, "ಮಾವ ಬಂದಾನ, ಮಾವ ಬಂದಾನ" ಎಂದು ಕೂಗಿದರು. ಹೆಂಗಸರು ತಮ್ಮ ತಮ್ಮ ಮಕ್ಕಳನ್ನು ಎತ್ತಿಕೊಂಡು ಒಳಗೋಡಿದರು, ಅವಳತ್ತ ನೋಡಿದವರಿಲ್ಲ. ಪೋಚವ್ವ ಸೆರಗು ಸರಿಮಾಡಿಕೊಂಡು, ಕೂಸನ್ನು ಕಂಕುಳಿಗೇರಿಸಿ, ತಂಬಿಗೆ ಹಿಡಿದು, ಮುಳ್ಳುಬೇಲಿಯ ತಟ್ಟಿ ಸರಿಸಿ ಹೊರಗೆ ನಡೆದಳು. ಹಿರಿಯರಿಗೆ ಎರಡೂ ಕೈಯಿಂದ ನೀರು ಕೊಡಬೇಕಲ್ಲ, ಕೂಸನ್ನು ಕೆಳಗೆ ಕೂರಿಸಿ, ದಾರಿಗೆ ಮುಖಮಾಡಿ, ತಲೆಬಾಗಿ ನಿಂತಳು. ಬೆನ್ನ ಹಿಂದೆ ಕೂಸು ಚೀರಿತು. ತಿರುಗುವಷ್ಟರಲ್ಲಿ ತೋಳ ಅದನ್ನು ಕಚ್ಚಿಕೊಂಡು ಕೊಳ್ಳಕ್ಕೆ ಇಳಿದಿತ್ತು.

ಸುದ್ದಿ ಮುಟ್ಟಿ ಮಾಳಿಂಗ ಓಡಿಬಂದಾಗ ಅವಳು ಅಲ್ಲೇ ಕೂತಿದ್ದಳು. "ಕಾಲಿಗೆ ನೀರು ಕೊಡವ್ವಾ," ಎಂದು ಮುದುಕ ಅಳುತ್ತ ಕೇಳಿದ.

"ಮಾವ ಆಗಲೇ ಬಂದು ಹೋದಾ," ಎಂದಳು ಪೋಚವ್ವ. "ಮೊಮ್ಮಗನ್ನೂ ಕರಕೊಂಡು ಹೋದಾ."

ತಂಬಿಗೆಯನ್ನು ಅಲ್ಲೇ ಬೋರಲು ಹಾಕಿ ನದಿಯ ಕಡೆ ನಡೆದವಳು ಮತ್ತೆ ಬರಲಿಲ್ಲ. ಆ ತಂಬಿಗೆಯೇ ಕಲ್ಲಾಯಿತು ಎನ್ನುತ್ತಾರೆ.

ಇಂದಿಗೂ ಆ ಕುಲಕ್ಕೆ ಸೊಸೆ ಬಂದರೆ ಮೊದಲು ಈ ಕಲ್ಲಿನ ಬಳಿಗೆ ಕರೆತಂದು, 'ತ್ವಾಳ' ಎಂದು ಬಾಯಿಬಿಟ್ಟು ಹೇಳಿಕೊಡುತ್ತಾರೆ. ತೋಳ ಕಂಡೇ ಎಷ್ಟೋ ತಲೆಮಾರಾಯಿತು. ಆಮೇಲೆ ಹಿರಿಯನೊಬ್ಬ ಕಲ್ಲಿನ ಮೇಲೆ ನೀರು ಹೊಯ್ಯುತ್ತಾನೆ. ಬೋರಲಾದ ತಂಬಿಗೆ, ಒಂದು ಹನಿಯೂ ನಿಲ್ಲುವುದಿಲ್ಲ.